ಸಾಗರಕ್ಕೆ ಪ್ರೋಟೀನ್ ಬಂದದ್ದು

ಆಣೆ ಮಾಡಿ ಹೇಳ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎಡವಟ್ಟುಗಳಿಗೆ ನನ್ನ ವಿಳಾಸ ಬಾಯಿಪಾಠ, ಹುಡುಕಿಕೊಂಡು ಬರ್ತವೆ. ಅರವತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಸೇರಿಸಿದರೂ ಪ್ರೋಟೀನಿನ ಒಳಗುಟ್ಟು ಬಲ್ಲವನು ನಾನೊಬ್ಬನೇ. ಸಾಗರದ ಹೊಸ ಕಾಲೇಜಿನಲ್ಲಿ ತಾತ್ಕಾಲಿಕ ಮೇಷ್ಟ್ರು. ತಪಾಸಣೆಗೆ ಬರುವ ಅಧಿಕಾರಿ ಮೆಚ್ಚದಿದ್ದರೆ ವಿಜ್ಞಾನ ವಿಭಾಗಕ್ಕೆ ಬೀಗ, ನನಗೆ ಮನೆ ದಾರಿ.

೧. ಬಸ್ಸಿನಲ್ಲಿ

ಪ್ರಯೋಗಕ್ಕೆ ಮೊಟ್ಟೆ ಬೇಕಿತ್ತು. ಊರಲ್ಲೇ ಕೊಂಡರೆ ಮೇಷ್ಟ್ರ ಮರ್ಯಾದೆ ಹೋಗುತ್ತದೆಂದು ತೀರ್ಥಹಳ್ಳಿಯಿಂದ ತಂದೆ. ಹತ್ತಿ ಸುತ್ತಿ, ಡಬ್ಬಿಯಲ್ಲಿಟ್ಟು, ಎದೆಗವಚಿಕೊಂಡು ಬಸ್ ಹತ್ತಿದರೆ ಕಾಲಿಡಲು ಜಾಗವಿಲ್ಲ. ಪಕ್ಕದವನ ಮೊಣಕೈ ಡಬ್ಬಿಯ ಮೇಲೇ.

"ಎಂತದ್ರೀ ಅದು?"

"ಲ್ಯಾಬಿಂದು. ಮುಟ್ಟಬೇಡಿ."

ಆಗ ನಮ್ಮ ಕಡೆ ಲ್ಯಾಬಿನವರೆಂದರೆ ಮಂಗನ ಕಾಯಿಲೆಯ ಹಿಂದೆ ಬಿದ್ದವರು ಅಂತಲೇ ಜನರ ಲೆಕ್ಕ. ಅವನು ಎದ್ದ. ಅವನ ಹಿಂದಿನವನೂ ಎದ್ದ. ಹೊಸನಗರ ದಾಟುವಷ್ಟರಲ್ಲಿ ಇಡೀ ಸೀಟು ನನ್ನದು. ಮೊಟ್ಟೆ ಕಿಟಕಿ ಪಕ್ಕ ಕೂತು ಬಂತು.

೨. ಸುರುಳಿ

ಅಧಿಕಾರಿಗೆ ತೋರಿಸಲು ಪ್ರೋಟೀನಿನ ಮಾದರಿಯನ್ನೂ ಮಾಡಿದೆ. ಒಂದೊಂದು ಅಡಿಕೆ ಒಂದೊಂದು ಅಮೈನೋ ಆಮ್ಲ. ಪೋಣಿಸಿದ ತಂತಿ ಪೆಪ್ಟೈಡ್ ಬಂಧ, ಗಟ್ಟಿ. ತಂತಿಯನ್ನು ಸುರುಳಿ ಮಾಡಿ, ಸುತ್ತಿನಿಂದ ಸುತ್ತಿಗೆ ಕಟ್ಟಿದ ಹೊಲಿಗೆ ದಾರ ಹೈಡ್ರೋಜನ್ ಬಂಧ, ನಾಜೂಕು. ಅಡಿಕೆ ಎತ್ತಿದ್ದು ಪ್ರಿನ್ಸಿಪಾಲರ ಎಲೆಅಡಿಕೆ ತಟ್ಟೆಯಿಂದ.

ಅವರು ಸುರುಳಿಯನ್ನು ಸುತ್ತಲೂ ನೋಡಿ, "ಇದಕ್ಕೇ ಏನ್ರೀ ಬೆಳಗಿಂದ ನನ್ನ ಬಾಯಿ ಒಣಗಿಸಿದ್ದು?" ಅಂದರು.

೩. ತಪಾಸಣೆ

ಅಧಿಕಾರಿ ಬಂದರು. ಮುಖದಲ್ಲಿ ನಗುವಿನ ಸುಳಿವಿಲ್ಲ. ಆಫೀಸಿನಲ್ಲಿ ಉಪಚಾರ ಮುಗಿಸಿ, ಎಲೆಅಡಿಕೆ ಜಗಿಯುತ್ತಲೇ ಲ್ಯಾಬಿಗೆ ನುಗ್ಗಿದರು. ಮೊಟ್ಟೆಯ ಲೋಳೆ ಕಾಯಿಸಿ ತೋರಿಸಿದೆ.

"ನೋಡಿ ಸಾರ್, ಶಾಖಕ್ಕೆ ನಾಜೂಕು ಬಂಧ ಹರಿದು ಆಕಾರ ಕೆಟ್ಟಿತು. ಗಟ್ಟಿ ಬಂಧ ಹಾಗೇ ಇದೆ."

"ಹ್ಞೂಂ. ಮಾದರಿ ಎಲ್ಲಿ?"

ಪರದೆ ಸರಿಸಿದೆ. ಬರೀ ತಂತಿ!

ಜವಾನ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಬಂದೋರಿಗೆ ಬರೀ ಎಲೆ ಕೊಡೋಕಾಗ್ತದಾ ಸಾರ್? ತಟ್ಟೇಲಿ ಅಡಿಕೇನೇ ಇರ್ಲಿಲ್ಲ. ಇದನ್ನೇ ಬಿಚ್ಚಿ ಕತ್ತರಿಸಿ ಇಟ್ಟೆ."

ನನ್ನ ನೌಕರಿ ಅಧಿಕಾರಿಯ ದವಡೆಗಳ ನಡುವೆ ನುರಿಯುತ್ತಿತ್ತು.

"ಸಾರ್," ಅಂದೆ, "ಇದು ಎರಡನೇ ಪ್ರಯೋಗ. ಈ ತಂತಿಯಲ್ಲಿದ್ದ ಅಡಿಕೆಗಳೇ ಅಮೈನೋ ಆಮ್ಲ. ಗಟ್ಟಿ ಬಂಧವೂ ಮುರಿದು ಅಮೈನೋ ಆಮ್ಲಗಳು ಬಿಡಿಬಿಡಿಯಾಗೋದೇ ಜೀರ್ಣಕ್ರಿಯೆ. ಸದ್ಯ ತಮ್ಮಲ್ಲೇ ನಡೀತಿದೆ."

ದವಡೆ ನಿಂತಿತು. ಅಧಿಕಾರಿ ತಂತಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಭಾಗ ಉಳಿಯಿತು, ನಾನೂ ಉಳಿದೆ.

ಒಂದೇ ಒಂದು ಸಣ್ಣ ಸಂಗತಿ ಮಾತ್ರ ನಾನು ಕೈಯಿಂದ ಸೇರಿಸಿದ್ದು: ಆ ನಗು. ನಿಜಕ್ಕೂ ಅಧಿಕಾರಿ ನಗಲಿಲ್ಲ. ಗಂಭೀರವಾಗಿ ಕೈ ಚಾಚಿ, "ಇನ್ನೆರಡು ಅಮೈನೋ ಆಮ್ಲ ಇದ್ರೆ ಕೊಡಿ" ಅಂದರು.