ಓಡುವ ಗುಜರಿ

ಬೆಳಿಗ್ಗೆ ಹಾಲು ತರಲೆಂದು ಮೆಟ್ಟಿಲಿಳಿದು ಬಂದ ಭಾವನ ಮೊಣಕಾಲಿಗೆ ಕಾರಿನ ಬಂಪರು ತಗುಲಿತು. ನಡೆದದ್ದು ಇಷ್ಟೇ. ಬೇರೆ ಯಾರದಾದರೂ ಮೊಣಕಾಲಾಗಿದ್ದರೆ ಉಜ್ಜಿಕೊಂಡು, ಒಂದೆರಡು ಬೈಗುಳ ಬೈದು, ಹಾಲಿನ ಕಡೆಗೆ ಹೊರಟುಹೋಗುತ್ತಿತ್ತು. ಆದರೆ ಇದು ಮನೆ ಮಾಲೀಕರ ಮೊಣಕಾಲು. ಅಂಗಳವೂ ಅವರದೇ. ಕಾರು ಮಾತ್ರ ಕೆಳಗಿನ ಮನೆಯ ಟೈಲರನದು. ಟೈಲರನ ಹೆಂಡತಿ ಭಾವನ ಒಡಹುಟ್ಟಿದ ತಂಗಿಯಾದ್ದರಿಂದ ಬೈಗುಳದಲ್ಲಿ ಬಾಡಿಗೆದಾರನ ಪಾಲೂ ಇತ್ತು, ನೆಂಟನ ಪಾಲೂ ಇತ್ತು.

"ಟೈಲರ್ ಸಾಹೇಬ್ರೇ! ಸ್ವಲ್ಪ ಹೊರಗೆ ದಯಮಾಡಿಸ್ತೀರಾ?"

ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಟೈಲರ್ ಹೊರಗೆ ಬಂದ. ಭಾವ ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಹಿಡಿದುಕೊಂಡಿದ್ದರು.

"ಈ ಗುಜರಿ ಇವತ್ತು ಅಂಗಳ ಖಾಲಿ ಮಾಡ್ಬೇಕು. ನಾಳೆ ನನ್ನ ಅಂಗಡಿಗೆ ಕಮೋಡ್ ಲೋಡ್ ಬರುತ್ತೆ. ಅದನ್ನ ಎಲ್ಲಿ ಇಳಿಸ್ಲಿ? ನನ್ನ ತಲೆ ಮೇಲಾ?"

ಟೈಲರ್ ನೊರೆ ಉಗಿದ. "ಭಾವ, ನನ್ನನ್ನ ಏನು ಬೇಕಾದ್ರೂ ಅನ್ನಿ. ಕಾರನ್ನ ಗುಜರಿ ಅನ್ನಬೇಡಿ."

ಕಾರು ತನ್ನ ಕಾಲದಲ್ಲಿ ದೊಡ್ಡ ದೊರೆಯೇ ಆಗಿತ್ತು. ಹೊರದೇಶದ ಮಾಲು, ಅಂಗಳದಷ್ಟೇ ಉದ್ದ, ಚರ್ಮದ ಸೀಟು, ಮರದ ಪಟ್ಟಿ, ಕೂತವರ ಬೆನ್ನಿಗೆ ತಕ್ಕಂತೆ ತಾನೇ ಹಿಂದೆ ಮುಂದೆ ಸರಿಯುವ ಕುರ್ಚಿ. ಅದರ ಹಳೆಯ ಯಜಮಾನರು ಹೋಟೆಲು ನಡೆಸುತ್ತಿದ್ದವರು; ಅವರಿಗೆ ಸೂಟು ಹೊಲಿದು ಹೊಲಿದು ಬೆಳೆದ ಸಲುಗೆಯಲ್ಲಿ ಟೈಲರ್ ಅದನ್ನು ಸ್ಕೂಟರಿನ ಬೆಲೆಗೆ ತಂದಿದ್ದ. ತಂದ ಮೇಲೆ ತಿಳಿಯಿತು, ಕೊಳ್ಳುವುದಷ್ಟೇ ಸ್ಕೂಟರಿನ ಬೆಲೆಗೆ, ಸಾಕುವುದು ಆನೆಯ ಬೆಲೆಗೆ ಎಂದು. ಈ ಕಾರಿಗೆ ಸ್ಪ್ರಿಂಗಿನ ಬದಲು ನಾಲ್ಕು ಮೂಲೆಗೂ ರಬ್ಬರಿನ ಚೀಲಗಳು. ಹೊಟ್ಟೆಯೊಳಗಿನ ಒಂದು ಪಂಪು ಅವಕ್ಕೆ ಗಾಳಿ ತುಂಬಿದರೆ ಕಾರು ಎದ್ದು ನಿಲ್ಲುತ್ತಿತ್ತು. ಈಗ ಗಾಳಿ ಎಲ್ಲಿಂದಲೋ ಸೋರಿ ಅದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿಬಿಟ್ಟಿತ್ತು. ಮೆಕ್ಯಾನಿಕ್ ಬಂದು ನೋಡಿ, "ಎಲ್ಲ ಹೊಸದು ಹಾಕ್ಬೇಕು. ಸಾಮಾನು ಹಡಗಲ್ಲಿ ಬರ್ಬೇಕು. ಆ ದುಡ್ಡಿಗೆ ಇಂಥದ್ದೇ ಇನ್ನೊಂದು ಕಾರು ಬರುತ್ತೆ" ಎಂದು ಹೇಳಿ, ಚಹಾ ಕುಡಿದು, ಹೋಗಿದ್ದ.

ಆದರೂ ಟೈಲರ್ ಅದನ್ನು ಬಿಡಲೊಲ್ಲ. ದಿನವಿಡೀ ಕಂಡವರ ಸೊಂಟ ಅಳೆಯುವವನಿಗೆ ಆ ಸೀಟಿನಲ್ಲಿ ಕೂತಾಗ ಮಾತ್ರ ಯಾರೋ ತನ್ನ ಅಳತೆ ತೆಗೆದು ಹೊಲಿದುಕೊಟ್ಟ ಹಾಗೆ ಅನಿಸುತ್ತಿತ್ತು. ಅದನ್ನು ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ.

"ಸಂಜೆಯೊಳಗೆ ಇದು ಓಡುತ್ತೆ" ಎಂದ. "ನಿಮ್ಮನ್ನೇ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಊರೊಳಗೆ ಒಂದು ಸುತ್ತು ಹೊಡೆಸ್ತೀನಿ. ಆಗ್ಲಿಲ್ಲ ಅಂದ್ರೆ ಕೀನ ನಾನೇ ಗುಜರಿಯವನ ಕೈಗೆ ಕೊಡ್ತೀನಿ. ಓಡಿದ್ರೆ ಮಾತ್ರ, ಇನ್ಮೇಲೆ ಈ ಅಂಗಳದಲ್ಲಿ ಯಾರೂ ಇದರ ಸುದ್ದಿಗೆ ಬರಬಾರದು. ಒಪ್ಪಿಗೆನಾ?"

"ಒಪ್ಪಿಗೆ" ಎಂದವರೇ ಭಾವ ಕುಂಟುತ್ತ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಗುಜರಿಯವನಿಗೆ ಫೋನು.

ಗುಜರಿಯವನು ಹಾಲಿಗಿಂತ ಮೊದಲೇ ಬಂದ. ಟೆಂಪೋವನ್ನು ಗೇಟಿನ ಹೊರಗೆ ನಿಲ್ಲಿಸಿ, ಕಾರಿನ ಸುತ್ತ ಒಮ್ಮೆ ತಿರುಗಿ, ಹೆಣ್ಣು ನೋಡಲು ಬಂದ ಬೀಗರ ಹಾಗೆ ಏನನ್ನೂ ಮುಟ್ಟದೆ ಎಲ್ಲವನ್ನೂ ನೋಡಿ, ಮೆಟ್ಟಿಲ ಮೇಲೆ ಕೂತ. "ಅವಸರ ಇಲ್ಲ ಟೈಲರಣ್ಣ. ನೀವು ಸೋಲೋವರೆಗೂ ಇರ್ತೀನಿ" ಎಂದು ಧೈರ್ಯ ತುಂಬಿದ.

ಅಷ್ಟರಲ್ಲಿ ಪಕ್ಕದ ಮನೆಯ ಸಲಹೆ ಸಾಹೇಬರು ಗೋಡೆಯ ಮೇಲಿಂದ ಮೂಗು ತೂರಿಸಿದರು. ಯಾವುದೋ ಕಚೇರಿಯಲ್ಲಿ ನಿವೃತ್ತರಾದ ಮೇಲೆ ಊರಿಗೆಲ್ಲ ಬಿಟ್ಟಿ ಸಲಹೆ ಹಂಚುವುದೇ ಅವರ ಉದ್ಯೋಗವಾಗಿತ್ತು. ಅದರಿಂದಲೇ ಈ ಹೆಸರು.

"ಮೊದಲು ಕಾರನ್ನ ಎತ್ತಬೇಕಪ್ಪ."

"ಅದು ನಂಗೂ ಗೊತ್ತು ಸಾರ್. ಜಾಕಿ ಎಲ್ಲಿದೆ?"

"ನನ್ನ ಹತ್ರ ಇದೆ" ಎಂದ ಗುಜರಿಯವನು. "ತಗೊಳ್ಳಿ. ಎತ್ತಿಟ್ರೆ ಆಮೇಲೆ ಹಗ್ಗ ಕಟ್ಟೋಕೆ ನನಗೂ ಸುಲಭ."

ಹೀಗೆ ಶತ್ರುವಿನ ಜಾಕಿಯಿಂದಲೇ ಕಾರಿನ ಹಿಂಭಾಗ ಎದ್ದಿತು. ಬ್ಯಾಟರಿ ಸತ್ತಿದೆಯೆಂದು ತಿಳಿದಾಗ ಶತ್ರುವಿನ ಟೆಂಪೋದಿಂದಲೇ ವೈರು ಎಳೆದದ್ದೂ ಆಯಿತು. ಟೈಲರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದ್ದೇ ತಡ, ಕಾರು ಕೆಟ್ಟ ಕನಸು ಕಂಡು ಎದ್ದವರ ಹಾಗೆ ಒಮ್ಮೆಲೇ ಎಚ್ಚೆತ್ತುಕೊಂಡಿತು. ಹಾರನ್ನು ಬಾಯಿಬಡಿದುಕೊಳ್ಳತೊಡಗಿತು. ಒಣಗಾಜಿನ ಮೇಲೆ ವೈಪರುಗಳು ಕರಕರ ಓಡಾಡಿದವು. ನಾಲ್ಕೂ ಕಿಟಕಿಗಳು ಇಳಿದವು. ಸಾಲದ್ದಕ್ಕೆ ಸಲಹೆ ಸಾಹೇಬರು ಕಿಟಕಿಯೊಳಗೆ ಕೈ ಹಾಕಿ, "ಈ ಗುಂಡಿ ಒತ್ತಿದ್ರೆ ಎಲ್ಲ ನಿಲ್ಲುತ್ತೆ" ಎಂದು ಒಂದು ಗುಂಡಿ ಒತ್ತಿದರು.

ಅದು ಸೀಟಿನ ಗುಂಡಿ. ಹಳೆಯ ಯಜಮಾನರು ಬಹಳ ಗಿಡ್ಡ. ಅವರು ಕೂರುತ್ತಿದ್ದ ಜಾಗವನ್ನು ಕಾರು ಇನ್ನೂ ಮರೆತಿರಲಿಲ್ಲ. ಸೀಟು ಗುಂಯ್ ಎನ್ನುತ್ತ ಮುಂದೆ ಹೊರಟಿತು, ಮುಂದೆ ಸರಿಯುತ್ತಲೇ ಹೋಯಿತು, ಟೈಲರನ ಹೊಟ್ಟೆ ಸ್ಟೀರಿಂಗಿಗೆ ಒತ್ತಿಕೊಂಡು ಮೂಗು ಗಾಜಿಗೆ ಅಂಟುವವರೆಗೂ ಬಿಡಲಿಲ್ಲ.

"ಸಾರ್... ನಿಲ್ಸಿ... ಉಸಿರು..."

"ಯಾವ ಗುಂಡಿ ಒತ್ತಿದೆ ಅಂತ ಮರ್ತೋಯ್ತಲ್ಲಯ್ಯ!"

ಹೆಂಡತಿ ಒಳಗಿನಿಂದ ಓಡಿಬಂದಳು. ಗಂಡನ ಅವಸ್ಥೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು; ನಗುವಿಗೋ ಗಾಬರಿಗೋ ಹೇಳಲಾಗದು. ಆಮೇಲೆ ಕೈಚಾಚಿ ಕೀ ಕಿತ್ತಳು. ಎಲ್ಲವೂ ಗಪ್‌ಚಿಪ್ಪಾಯಿತು. ಟೈಲರನನ್ನು ಹೊರಗೆಳೆಯಲು ಮೂವರು ಬೇಕಾದರು.

"ರೀ, ಸಾಕು ಬಿಡಿ. ಅಣ್ಣನ ಹತ್ರ ನಾನು ಮಾತಾಡ್ತೀನಿ."

"ಮಾತಾಡೋದು ಬೇಡ. ಅಂಗಲಾಚಿ ಉಳಿಸ್ಕೊಂಡ ಕಾರಲ್ಲಿ ನಾನು ಕೂರಲ್ಲ. ಸೋಪಿನ ನೀರು ತಗೊಂಡು ಬಾ."

ಮತ್ತೆ ಕೀ ಹಾಕುವ ಮೊದಲೇ ಹಾರನ್ನಿನ ವೈರನ್ನು ಟೈಲರ್ ಕಿತ್ತಿಟ್ಟ. ಈ ಬಾರಿ ಕಾರಿನ ಹೊಟ್ಟೆಯೊಳಗೆ ಪಂಪಿನ ಗೊರಗೊರ ಸದ್ದು ಕೇಳಿತು. ಜೊತೆಗೆ ಎಲ್ಲಿಂದಲೋ ಸಣ್ಣಗೆ ಹಾವು ಬುಸುಗುಟ್ಟಿದ ಸದ್ದು. ಟೈಲರ್ ನೆಲದ ಮೇಲೆ ಅಂಗಾತ ಮಲಗಿ ಹಿಂದಿನ ಚಕ್ರದ ಪಕ್ಕದಿಂದ ಕೈ ತೂರಿಸಿ, ಪೈಪಿನುದ್ದಕ್ಕೂ ಸೋಪಿನ ನೀರು ಸವರಿದ. ರಬ್ಬರು ಚೀಲಕ್ಕೆ ಪೈಪು ಸೇರುವ ಕಡೆ ನೊರೆ ಗುಳುಗುಳು ಎಂದಿತು. ಗುಂಡುಸೂಜಿ ಚುಚ್ಚಿದಷ್ಟು ತೂತು! ಇಷ್ಟಕ್ಕೆ ಹಡಗಿನಲ್ಲಿ ಸಾಮಾನು ತರಿಸುವುದೇ? ಹರಿದದ್ದಕ್ಕೆ ತೇಪೆ ಹಾಕುವುದು ಅವನ ಕಸುಬು. ಟೈಲರನಿಗೆ ಎಲ್ಲಿಲ್ಲದ ಹುರುಪು ಬಂತು.

ಸೈಕಲ್ ಟ್ಯೂಬಿನ ತುಂಡು ಕತ್ತರಿಸಿದ. ಅಂಟು ಹಚ್ಚಿ ಸುತ್ತಿದ. ಅದರ ಮೇಲೆ ಬಿಗಿಯಾಗಿ ಎಲಾಸ್ಟಿಕ್ ಸುತ್ತಿ, ಕೋಟಿನ ಗುಂಡಿ ಹಾಕುವ ದಾರದಿಂದ ಗಂಟಿನ ಮೇಲೆ ಗಂಟು ಹಾಕಿದ.

"ರೀ, ಅದು ಅಣ್ಣನ ಹೊಸ ಪೈಜಾಮಕ್ಕೆ ಅಂತ ಇಟ್ಟಿದ್ದ ಎಲಾಸ್ಟಿಕ್ ಅಲ್ವಾ?"

"ಅವರು ಲಾಡಿ ಕಟ್ಕೊಳ್ಳಲಿ."

ಅಂಟು ಒಣಗುವವರೆಗೆ ಇಡೀ ಅಂಗಳ ಉಸಿರು ಬಿಗಿಹಿಡಿದು ಕಾದಿತ್ತು ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ಸಲಹೆ ಸಾಹೇಬರು ಊಟಕ್ಕೆ ಹೋದರು, ಗುಜರಿಯವನು ಮೆಟ್ಟಿಲ ಮೇಲೆ ಗೊರಕೆ ಹೊಡೆದ, ಪ್ಯಾಂಟು ಕೇಳಲು ಬಂದ ಗಿರಾಕಿಗಳನ್ನೆಲ್ಲ ಹೆಂಡತಿ "ನಾಳೆ ಬನ್ನಿ" ಎಂದು ಸಾಗಹಾಕಿದಳು. ಟೈಲರ್ ಮಾತ್ರ ಕಾರಿನ ಒಳಗೆ ಕೂತು, ಹಳತಾಗಿ ಜೋತುಬಿದ್ದಿದ್ದ ಚಾವಣಿಯ ಬಟ್ಟೆಯನ್ನು ಗುಂಡುಸೂಜಿಗಳಿಂದ ಎತ್ತಿ ನೆರಿಗೆ ನೆರಿಗೆಯಾಗಿ ಸಿಕ್ಕಿಸಿದ. ಕೆಲಸ ಮುಗಿದಾಗ ಅದು ಮದುವೆ ಚಪ್ಪರದ ಹಾಗೆ ಕಾಣುತ್ತಿತ್ತು. ಎಷ್ಟು ದುಡ್ಡು ಕೊಟ್ಟರೂ ಯಾವ ಕಂಪನಿಯೂ ಹೀಗೆ ಮಾಡಿಕೊಡುತ್ತಿರಲಿಲ್ಲ ಎಂದು ಅವನಿಗೇ ಹೆಮ್ಮೆಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಭಾವ ಅಂಗಡಿಯಿಂದ ಬಂದರು. ಎಲ್ಲರೂ ನೆರೆದರು. ಟೈಲರ್ ಜಾಕಿ ಬಿಚ್ಚಿ ಕೀ ತಿರುಗಿಸಿದ. ಪಂಪು ಗೊರಗುಟ್ಟಿತು. ಒಂದು ಕ್ಷಣ ಏನೂ ಆಗಲಿಲ್ಲ. ಗುಜರಿಯವನು ಹಗ್ಗ ಕೈಗೆತ್ತಿಕೊಂಡ. ಆಗ, ಮಲಗಿದ್ದ ಎಮ್ಮೆ ಏಳುವ ಹಾಗೆ, ಮೊದಲು ಹಿಂಭಾಗ ಎತ್ತಿ ಆಮೇಲೆ ಮುಂಭಾಗ ಎತ್ತಿ, ಕಾರು ಎದ್ದು ನಿಂತಿತು. ಟೈಲರನ ಕಣ್ಣಲ್ಲಿ ನೀರೇ ಬಂತು. ಅದನ್ನು ಯಾರಿಗೂ ಕಾಣದ ಹಾಗೆ ತೋಳಿನಿಂದ ಒರೆಸಿಕೊಂಡು, "ಹತ್ತಿ ಭಾವ" ಎಂದ.

ಭಾವ ಹಿಂದೆ ಕೂತರು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು, ಕಿಟಕಿಗಳೂ ಏರಿದವು. ಹೊರಗಿನ ಗದ್ದಲ ಕೂಡಲೇ ಅಡಗಿತು. ಕಾರು ಗೇಟು ದಾಟಿ ಬೀದಿಗಿಳಿಯಿತು. ರಸ್ತೆಯಲ್ಲಿ ಗುಂಡಿಗಳಿವೆಯೆಂಬುದೇ ತಿಳಿಯದಂತೆ ತೇಲಿಕೊಂಡು ಸಾಗಿತು. ಬೀದಿಯ ಎರಡೂ ಕಡೆ ಜನ ತಿರುಗಿ ನೋಡಿದರು. ಪೇಟೆಯ ದೊಡ್ಡ ಕಂಟ್ರಾಕ್ಟರನೊಬ್ಬ, ಭಾವ ವರ್ಷಗಟ್ಟಲೆ ನಮಸ್ಕಾರ ಹೊಡೆದರೂ ತಲೆ ಎತ್ತದವನು, ಕೈಯಲ್ಲಿದ್ದ ಸಿಗರೇಟು ಬಿಸಾಡಿ ಎದ್ದುನಿಂತು ತಾನೇ ನಮಸ್ಕಾರ ಮಾಡಿದ. ಭಾವ ಕಿಟಕಿಯೊಳಗಿಂದಲೇ ಕೈಯನ್ನು ಸ್ವಲ್ಪವೇ ಎತ್ತಿದರು. ಆಮೇಲೆ ಬೆನ್ನು ಹಿಂದಕ್ಕೆ ಒರಗಿಸಿದರು. ಒಂದು ಸುತ್ತು ಮುಗಿದಾಗ, "ಇನ್ನೊಂದು ಸುತ್ತು ಹೋಗೋಣ" ಎಂದರು.

ಮೂರನೆಯ ಸುತ್ತಿನ ನಂತರ ಕಾರು ಅಂಗಳಕ್ಕೆ ಮರಳಿತು. ಟೈಲರ್ ಇಳಿದು ಎದೆ ಸೆಟೆದು ನಿಂತ. "ಈಗ ಹೇಳಿ ಭಾವ, ಇದು ಗುಜರಿನಾ?"

"ಛೆ ಛೆ! ಯಾವ ತಲೆಕೆಟ್ಟವನು ಹೇಳಿದ್ದು?"

ಟೈಲರ್ ಅಂಗಳದಲ್ಲಿದ್ದವರನ್ನೆಲ್ಲ ಗೆದ್ದ ಕಣ್ಣಿನಿಂದ ನೋಡಿದ. ಗುಜರಿಯವನು ತಲೆ ಕೆರೆದುಕೊಂಡ. ಸಲಹೆ ಸಾಹೇಬರು, "ನಾನು ಬೆಳಿಗ್ಗೆನೇ ಹೇಳ್ಲಿಲ್ವಾ" ಎಂದರು. ಭಾವ ಮಾತ್ರ ಇನ್ನೂ ಕಾರಿನಿಂದ ಇಳಿದಿರಲಿಲ್ಲ.

"ನಾಳೆಯಿಂದ ಇದು ನನ್ನ ಅಂಗಡಿಗೆ ಬರ್ಲಿ" ಎಂದರು ಸೀಟು ಸವರುತ್ತ. "ದೊಡ್ಡ ಗಿರಾಕಿಗಳನ್ನ ಇದರಲ್ಲೇ ಕರ್ಕೊಂಡು ಬರ್ತೀನಿ. ಇಷ್ಟು ವರ್ಷ ನನ್ನ ಅಂಗಳದಲ್ಲಿ ನಿಂತಿದೆ, ನಾನೇನಾದ್ರೂ ಕೇಳಿದ್ನಾ? ಮನೆಯವರ ಕಾರು ಮನೆಯವರಿಗೆ ಆಗ್ಬೇಕಲ್ವಾ?"

ಟೈಲರ್ ಕೈ ಅಲ್ಲಾಡಿಸಿದ. "ಅಯ್ಯೋ, ಬೇಡ ಭಾವ! ಇದನ್ನ ನಂಬಬೇಡಿ. ಒಳಗೆಲ್ಲ ಪೂರ್ತಿ ಕೆಟ್ಟಿದೆ. ಇವತ್ತು ಏನೋ ಅದೃಷ್ಟಕ್ಕೆ ಓಡ್ತು. ನಾಳೆ ಓಡಲ್ಲ."

ಗುಜರಿಯವನು ಚಂಗನೆ ಎದ್ದ. "ಓಡಲ್ವಾ? ಹಾಗಾದ್ರೆ ಮಾತಿನ ಪ್ರಕಾರ ಕೀ ಇತ್ತ ಕೊಡಿ ಟೈಲರಣ್ಣ."

"ಏಯ್, ಕೂತ್ಕೊಳ್ಳಯ್ಯಾ! ಕುದುರೆ ಹಾಗೆ ಓಡುತ್ತೆ!"

"ಅದನ್ನೇ ನಾನೂ ಹೇಳಿದ್ದು" ಎಂದರು ಭಾವ. "ಬೆಳಿಗ್ಗೆ ಬೇಗ ತೊಳೆದಿಡಿ."

"ಬೆಳಿಗ್ಗೆ ಏಳಲ್ಲ ಭಾವ ಇದು. ರಾತ್ರಿಯೆಲ್ಲ ಗಾಳಿ ಇಳಿದು..."

ಗುಜರಿಯವನು ಕೈ ಚಾಚಿದ.

"ಏಳುತ್ತೆ! ಏಳುತ್ತೆ ಅಂದ್ನಲ್ಲ!"

ಟೈಲರ್ ಒಮ್ಮೆ ಇವರನ್ನು ನೋಡಿದ, ಒಮ್ಮೆ ಅವನನ್ನು ನೋಡಿದ. ಓಡುತ್ತೆ ಎಂದರೆ ಭಾವನ ಪಾಲು, ಓಡಲ್ಲ ಎಂದರೆ ಗುಜರಿಯ ಪಾಲು. ಆದರೆ ಬೆಳಗಿನಿಂದ ಯಾರಿಗೂ ತಲೆಬಾಗದವನು ಈಗೇಕೆ ಬಾಗಬೇಕು? ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಗುಡುಗಿದ.

"ಕೇಳಿ ಎಲ್ಲರೂ! ಇದು ಓಡುತ್ತೆ. ಆದ್ರೆ ನನ್ನ ಕೈಯಲ್ಲಿ ಮಾತ್ರ. ಇದರ ನರ ನರವೂ ನನಗೆ ಗೊತ್ತು. ಬೇರೆ ಯಾವನು ಸ್ಟೀರಿಂಗ್ ಮುಟ್ಟಿದ್ರೂ ನಡುಬೀದಿಯಲ್ಲಿ ಮಲಗಿಬಿಡುತ್ತೆ. ಕೀ ನಾನು ಪ್ರಾಣ ಹೋದ್ರೂ ಯಾರಿಗೂ ಕೊಡಲ್ಲ!"

ಭಾವ ಗಲ್ಲ ಕೆರೆದುಕೊಂಡರು. ಆಮೇಲೆ ಅವರ ಮುಖ ಅರಳಿತು.

"ಅಷ್ಟೇ ತಾನೇ? ಕೀ ನಿಮ್ಮ ಹತ್ರಾನೇ ಇರ್ಲಿ. ಹೊರಗಿನ ಡ್ರೈವರ್ ಹುಡುಕೋ ತಾಪತ್ರಯ ನನಗೂ ತಪ್ತು. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಬಂದ್ಬಿಡಿ." ಕಾರಿನಿಂದ ಇಳಿಯುತ್ತ ಅವರು ಟೈಲರನನ್ನು ಮೇಲಿನಿಂದ ಕೆಳಗೆ ನೋಡಿದರು. "ಈ ಅಂಗಿ ಮಾತ್ರ ಈ ಕಾರಿಗೆ ಒಪ್ಪಲ್ಲ. ಬಿಳಿ ಬಟ್ಟೆ ನಾನು ತರಿಸ್ತೀನಿ, ಒಂದು ಡ್ರೈವರ್ ಯೂನಿಫಾರಂ ಹೊಲ್ಕೊಂಬಿಡಿ. ಅಳತೆ ಹೇಗೂ ನಿಮ್ಮ ಹತ್ರಾನೇ ಇದೆಯಲ್ಲ."

ಗುಜರಿಯವನು ಜಾಕಿಯನ್ನು ಎತ್ತಿಕೊಂಡು, ಕಾರಿಗೊಂದು ಟೈಲರನಿಗೊಂದು ನಮಸ್ಕಾರ ಹಾಕಿ, ಟೆಂಪೋ ಹತ್ತಿದ. ಭಾವ ಮೆಟ್ಟಿಲೇರಿ ಹೋದರು. ಈಗ ಅವರು ಕುಂಟುತ್ತಿರಲಿಲ್ಲ.

ಟೈಲರ್ ಕಾರಿನ ಬಾಗಿಲು ಹಾಕಿ ಬೀಗ ತಿರುಗಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಗದ್ದ ಎತ್ತಿ, ಮೇಲಿನ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಯೂನಿಫಾರಂ ಬೇಕಾದ್ರೆ ಹೊಲ್ಕೊಳ್ತೀನಿ. ಟೋಪಿ ಮಾತ್ರ ಹೊಲಿಯೋದೇ ಇಲ್ಲ! ನಿಮ್ಮಣ್ಣನಿಗೆ ಹೇಳಿಬಿಡು."

"ಹೊಲಿಯೋದು ಬೇಡ ಬಿಡಿ" ಎಂದಳು ಹೆಂಡತಿ. "ಟೋಪಿ ಅಣ್ಣ ನಿಮಗೆ ಆಗ್ಲೇ ಹಾಕಿ ಆಯ್ತಲ್ಲ."