ಚಿಕ್ಕಮ್ಮನ ಟ್ರಾಕ್ಟರ್ ವಾರ್ಡು

ನನ್ನ ಹೆಂಡತಿಯ ಚಿಕ್ಕಮ್ಮನಿಗೆ ಮನುಷ್ಯರಿಗಿಂತ ಟ್ರಾಕ್ಟರುಗಳ ಮೇಲೆಯೇ ಹೆಚ್ಚು ಪ್ರೀತಿ ಎಂದು ನಾನು ಆರು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅವರ ಎದುರಿಗೂ ಹೇಳಿದ್ದೇನೆ. "ಮತ್ತೆಂತ? ಟ್ರಾಕ್ಟರ್ ನೋವಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಮಾರಾಯ" ಎಂದು ಅವರು ಸ್ಪ್ಯಾನರ್ ಒರೆಸಿಕೊಂಡಿದ್ದಾರೆ.

ಟ್ರಾಕ್ಟರ್ ಎಂದರೆ ಗದ್ದೆ ಉಳುವ ಆನೆಯಂಥದ್ದನ್ನು ನೆನೆಯಬೇಡಿ. ಇವು ಕೈತೋಟದ ಟ್ರಾಕ್ಟರುಗಳು. ಎಮ್ಮೆಕರುವಿನಷ್ಟು ಎತ್ತರ, ಕೂರಲು ಒಬ್ಬರಿಗೆ ಮಾತ್ರ ಜಾಗ. ಹುಲ್ಲು ಕತ್ತರಿಸುತ್ತವೆ, ಸಣ್ಣ ಗಾಡಿ ಎಳೆಯುತ್ತವೆ. ಚಿಕ್ಕಮ್ಮ ದೋಹಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಅಲ್ಲಿಗೆ ಬರುತ್ತಿದ್ದ ಹಿರಿಯ ಕತಾರಿಯೊಬ್ಬರು ಬಿಪಿ ನೋಡಿಸಿಕೊಳ್ಳುವಾಗ, ನಗರದಾಚೆಯ ತಮ್ಮ ತೋಟದ ಶೆಡ್ಡಿನಲ್ಲಿ ಮೂರು ಹಳೆಯ ಟ್ರಾಕ್ಟರುಗಳು ಕೆಟ್ಟು ಮಲಗಿವೆ ಎಂದರಂತೆ. ಮುಂದಿನ ಶುಕ್ರವಾರ ಬೆಳಿಗ್ಗೆ ಚಿಕ್ಕಮ್ಮ ಆ ಶೆಡ್ಡಿನಲ್ಲಿದ್ದರು. ಮೂಡುಬಿದಿರೆಯಲ್ಲಿ ಅವರ ಅಪ್ಪನಿಗೆ ಟಿಲ್ಲರ್ ರಿಪೇರಿಯ ಅಂಗಡಿ ಇತ್ತು. ನರ್ಸಿಂಗ್ ಕಲಿತದ್ದು ಹೊಟ್ಟೆಗೆ, ಇದು ಜೀವಕ್ಕೆ ಎನ್ನುತ್ತಾರೆ.

ರಜೆಯ ದಿನ ದೋಹಾದಲ್ಲೇ ಅಲ್ ಥುಮಾಮಾದ ನಮ್ಮ ಮನೆಯಲ್ಲಿ ಹಾಯಾಗಿ ಮಲಗಬೇಕಾದ ನನ್ನನ್ನು ಅವರು ವಾರ್ಡ್‌ಬಾಯ್ ಮಾಡಿಕೊಂಡರು. ಕ್ಲಿನಿಕ್ಕಿನಲ್ಲಿ ಬದಿಗಿಟ್ಟ ಹಳೆಯ ಸ್ಟೆತಸ್ಕೋಪನ್ನು ಇಂಜಿನ್ನಿಗೆ ಇಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಮ್ಮೆ ನನ್ನ ಕಿವಿಗೂ ಸಿಕ್ಕಿಸಿದರು.

"ಎಂತ ಕೇಳ್ತದೆ?"

"ಟಕ ಟಕ ಅಂತ."

"ಅದು ವಾಲ್ವ್. ಹಾಗೆ ಕೇಳಬಾರದು."

"ಮತ್ತೆ ಹೇಗೆ ಕೇಳಬೇಕು?"

"ನಿನ್ನ ಹೆಂಡತಿ ಬೈದಾಗ ನೀನು ಇರ್ತೀಯಲ್ಲ, ಹಾಗೆ. ತೆಪ್ಪಗೆ."

ಇನ್ನೊಮ್ಮೆ ನಮ್ಮ ಇಡ್ಲಿ ಪಾತ್ರೆಯನ್ನು "ಒಂದು ಗಂಟೆಗೆ" ಒಯ್ದು ಅದರಲ್ಲಿ ಕಾರ್ಬುರೇಟರ್ ಬೇಯಿಸಿದರು. ಜಿಡ್ಡು ಬಿಡಿಸಲು ಬೇರೆ ಉಪಾಯವೇ ಇಲ್ಲವಂತೆ. ಹದಿನೈದು ದಿನ ನಮ್ಮ ಇಡ್ಲಿಗೆ ಪೆಟ್ರೋಲಿನ ವಾಸನೆ. ದೂರು ಕೊಟ್ಟರೆ, "ತಿನ್ನು, ಮೈಲೇಜ್ ಬರ್ತದೆ" ಎಂಬ ಉತ್ತರ ಬಂತು.

ಇಲ್ಲಿ ಬೇಸಗೆಯೆಂದರೆ ಎಲ್ಲಕ್ಕೂ ಖಲಾಸ್; ಬಿತ್ತುವುದು, ಬೆಳೆಯುವುದು ಎಲ್ಲ ಚಳಿಗಾಲದಲ್ಲೇ. ಅಕ್ಟೋಬರ್ ಬಂತೆಂದರೆ ಚಿಕ್ಕಮ್ಮನಿಗೆ ಮದುವೆಮನೆಯ ಗಡಿಬಿಡಿ. ಒಂದು ಟ್ರಾಕ್ಟರಿನ ಹಿಂದೆ ಮಣ್ಣು ಸಡಿಲಿಸುವ ಹಲ್ಲು, ಇನ್ನೊಂದಕ್ಕೆ ಔಷಧಿ ಸಿಂಪಡಿಸುವ ಡ್ರಮ್ಮು. ಮೂರನೆಯದು ಹಿಮ ಬೀಳುವ ದೇಶದ ಸಂಸಾರವೊಂದು ಊರಿಗೆ ಮರಳುವಾಗ ಬಿಟ್ಟುಹೋದದ್ದು. ಅದರ ಜೊತೆಗೆ ಹಿಮ ತಳ್ಳುವ ದೊಡ್ಡ ಕಬ್ಬಿಣದ ಹಲಗೆಯೂ ಇತ್ತು.

"ಕತಾರಿನಲ್ಲಿ ಹಿಮ ಎಲ್ಲಿ ಬೀಳುತ್ತದೆ ಚಿಕ್ಕಮ್ಮ?" ಎಂದು ಕೇಳಿದೆ.

"ಕಂದು ಬಣ್ಣದ್ದು ಬೀಳ್ತದಲ್ಲ ದಿನಾ."

ತುಕ್ಕು ಉಜ್ಜಿ, ಹೊಸ ಬೋಲ್ಟು ಹಾಕಿ ಹಲಗೆಯನ್ನು ಮೂತಿಗೆ ಬಿಗಿದೇಬಿಟ್ಟರು. ಗಾಳಿಗೆ ತೋಟದ ದಾರಿಯ ಮೇಲೆ ಬಂದು ಬೀಳುವ ಮರಳೆಲ್ಲ ಅರ್ಧ ಗಂಟೆಯಲ್ಲಿ ಬದಿಗೆ ಸರಿಯಿತು. ತೋಟದ ಯಜಮಾನರು ಅಂದಿನಿಂದ ಅವರನ್ನು "ದಖ್ತೂರಾ" ಎಂದೇ ಕರೆಯುತ್ತಾರೆ. ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷ ದುಡಿದರೂ ಸಿಗದ ಡಾಕ್ಟರ್ ಪದವಿ ಅದು.

ಕಳೆದ ಜನವರಿಯಲ್ಲಿ ನನ್ನ ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. "ಮನೆಯಲ್ಲೇ ಕೂತರೆ ಅವಳಿಗೂ ತುಕ್ಕು ಹಿಡೀತದೆ, ಶುಕ್ರವಾರ ಕರ್ಕೊಂಡು ಬಾ" ಎಂದರು ಚಿಕ್ಕಮ್ಮ. ಹೋದೆವು. ತೋಟದಲ್ಲೇ ಊಟ. ಊಟ ಮುಗಿಯುವ ಹೊತ್ತಿಗೆ ಮಳೆ ಶುರುವಾಯಿತು. ವರ್ಷಕ್ಕೆ ನಾಲ್ಕು ದಿನ ಬರುವ ಮಳೆ ಒಂದೇ ಗಂಟೆಯಲ್ಲಿ ಸುರಿದು, ಡಾಂಬರು ರಸ್ತೆಯವರೆಗಿನ ಎರಡು ಕಿಲೋಮೀಟರ್ ಮಣ್ಣುದಾರಿ ಹಿಟ್ಟು ಕಲಸಿದಂತಾಯಿತು. ಅದನ್ನೇ ನೋಡುತ್ತ ನಿಂತಿದ್ದ ಹೆಂಡತಿ ಶೆಡ್ಡಿನ ಕಂಬ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಚಿಕ್ಕಮ್ಮ, ನೀರು ಹೋಯ್ತು."

ಚಿಕ್ಕಮ್ಮ ಕೈ ತೊಳೆದು ಬಂದು ಅವಳ ಹೊಟ್ಟೆ ಮುಟ್ಟಿ ನೋಡಿದರು, ಗಡಿಯಾರ ನೋಡಿದರು. "ಟೈಮ್ ಉಂಟು. ಯಲ್ಲಾ, ಹೋಗುವ."

ನಮ್ಮ ಕಾರು ಇಪ್ಪತ್ತು ಹೆಜ್ಜೆ ಹೋಗಿ ಅರ್ಧ ಚಕ್ರದವರೆಗೆ ಹೂತುಹೋಯಿತು. ಫೋನು ಮಾಡಿದರೆ ಆಂಬುಲೆನ್ಸಿನವರು ಡಾಂಬರಿನ ತುದಿಗೆ ಬಂದು ಕಾಯುತ್ತೇವೆ ಎಂದರು. ಒಳಗೆ ಬಂದರೆ ಅವರೂ ಹೂತುಕೊಳ್ಳುವುದು ಖಂಡಿತವಿತ್ತು. ನಾನು ಫೋನು ಇಡುವಷ್ಟರಲ್ಲಿ ಚಿಕ್ಕಮ್ಮ ಹಲಗೆಯ ಟ್ರಾಕ್ಟರನ್ನು ಹೊರಗೆ ತಂದು, ಕೆಸರಿನಲ್ಲಿ ಹಿಡಿತ ಸಿಗಲೆಂದು ಟಯರಿನ ಗಾಳಿ ಸ್ವಲ್ಪ ಇಳಿಸಿ, ಹಿಂದೆ ಟೊಮೇಟೊ ಸಾಗಿಸುವ ಗಾಡಿ ನಿಲ್ಲಿಸಿದ್ದರು. ಗಾಡಿಯನ್ನು ಟ್ರಾಕ್ಟರಿಗೆ ಸೇರಿಸುವ ಪಿನ್ನು ಹಾಕುವ ಕೆಲಸ ನನ್ನದು. ಅದು ಮೂರು ಸಲ ಕೆಸರಿಗೆ ಬಿತ್ತು. ಅವರು ಬೈಯಲಿಲ್ಲ. ನನ್ನ ಕೈಯ ಮೇಲೆ ಕೈಯಿಟ್ಟು ಒತ್ತಿದರು. ಕೂತಿತು.

ಗಾಡಿಯಲ್ಲಿ ಹಾಸಿಗೆ, ಹಾಸಿಗೆಯ ಮೇಲೆ ಹೆಂಡತಿ, ಇನ್ನೂ ನಿಲ್ಲದ ಮಳೆಗೆ ಅವಳ ಮೇಲೆ ಟಾರ್ಪಾಲು ಹಿಡಿದ ನಾನು. ಹಲಗೆ ಮುಂದಿನ ಕೆಸರನ್ನು ತಳ್ಳುತ್ತ ಟ್ರಾಕ್ಟರು ನಡೆಯುವವರ ವೇಗದಲ್ಲಿ ಹೊರಟಿತು. ಚಿಕ್ಕಮ್ಮ ಹಿಂತಿರುಗಿ ಕೂಗಿದರು: "ನೋವು ಎಷ್ಟು ನಿಮಿಷಕ್ಕೆ ಬರ್ತಾ ಉಂಟು?"

"ನೀವು ಗುಂಡಿಗೆ ಹಾಕಿದಾಗೆಲ್ಲ," ಎಂದಳು ಹೆಂಡತಿ.

ಅರ್ಧ ದಾರಿಯಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನನ್ನ ತೋಳು ಹಿಡಿದಿದ್ದ ಹೆಂಡತಿಯ ಉಗುರು ಚರ್ಮಕ್ಕೆ ಇಳಿಯಿತು. ಚಿಕ್ಕಮ್ಮ ಕೆಸರಿಗಿಳಿದು, ಮುಚ್ಚಳ ತೆರೆದು, ಒದ್ದೆಯಾದ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಒಳಗಿನ ಅಂಗಿಯ ಒಣ ಅಂಚಿನಿಂದ ಒರೆಸಿದರು. "ಬಾ ಮಗಾ, ಬಾ. ಹೆದರಬೇಡ," ಎನ್ನುತ್ತಿದ್ದರು. ಟ್ರಾಕ್ಟರಿಗೆ ಹೇಳಿದ್ದೋ, ಕೂಸಿಗೆ ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಂಜಿನ್ ಮತ್ತೆ ಶುರುವಾಯಿತು. ಹತ್ತು ನಿಮಿಷದಲ್ಲಿ ಆಂಬುಲೆನ್ಸಿನ ಕೆಂಪು ದೀಪ ಕಂಡಿತು.

ಸಂಜೆ ಐದೂವರೆಗೆ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಸಣ್ಣ ಕೂಸು, ಆದರೆ ಗಟ್ಟಿ ದನಿ. ಹೆಂಡತಿ ಚಿಕ್ಕಮ್ಮನನ್ನು ಕರೆಯಿರಿ ಎಂದಳು. ಹುಡುಕಿದರೆ ಅವರು ಕಾರಿಡಾರಿನ ಕೊನೆಯ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು.

"ಬನ್ನಿ ಚಿಕ್ಕಮ್ಮ, ಕೂಸನ್ನು ಎತ್ತಿಕೊಳ್ಳಿ."

"ಕೈಯಲ್ಲಿ ಗ್ರೀಸ್ ಉಂಟು. ನೀನು ಹೋಗು."

ಗ್ರೀಸ್ ಇರಲಿಲ್ಲ. ಉಜ್ಜಿ ಉಜ್ಜಿ ಬೆರಳೆಲ್ಲ ಕೆಂಪಾಗಿತ್ತು. ನಾನು ನಲ್ಲಿ ನಿಲ್ಲಿಸಿದೆ. ಆಗ ತಲೆಯೆತ್ತದೆ ಹೇಳಿದರು, "ತೋಟಕ್ಕೆ ಕರೆದದ್ದು ನಾನಲ್ವಾ? ಎಂಟು ತಿಂಗಳ ಬಸುರಿಯನ್ನು. ನರ್ಸಂತೆ ನಾನು."

ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ವಿಷಯ ಕೇಳಿದ ಹೆಂಡತಿ ಮಲಗಿದಲ್ಲಿಂದಲೇ ಹೇಳಿದಳು, "ಒಳ್ಳೆದಾಯ್ತು ಕರೆದದ್ದು. ಮನೆಯಲ್ಲಿದ್ದಿದ್ರೆ ಇವರು ಊಟ ಮಾಡಿ ಗೊರಕೆ ಹೊಡೀತಿದ್ರು. ನಾನೊಬ್ಬಳೇ ಏನು ಮಾಡ್ತಿದ್ದೆ?"

ಚಿಕ್ಕಮ್ಮ ನಕ್ಕರು. ನಗುತ್ತ ನಗುತ್ತ ಮುಖ ಕುಸಿಯಿತು. ಸೆರಗಿಲ್ಲದ ಸಲ್ವಾರಿನಲ್ಲಿ ಕಣ್ಣೊರೆಸಲು ಏನೂ ಸಿಗದೆ ತೋಳಿಗೇ ಒರೆಸಿಕೊಂಡು ಎರಡೂ ಕೈ ಚಾಚಿದರು. ಮಗಳನ್ನು ಆ ಕೈಗಳ ಮೇಲೆ ಮಲಗಿಸಿದವನು ನಾನು.