ಲಂಗರು ಎಂಟರ್‌ಟೈನ್‌ಮೆಂಟ್ ಮತ್ತು ನನ್ನ ಒಗ್ಗರಣೆ ಡಬ್ಬಿ

ನಮ್ಮ ಮಾವನಿಗೆ ಕುಣಿಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ದೋಹಾದ ಕನ್ನಡಿಗರಲ್ಲಿ ಯಾರನ್ನು ಕೇಳಿದರೂ ಅವರನ್ನು ಗುರುತಿಸುವುದು ಕೆ-ಪಾಪ್ ಡ್ಯಾನ್ಸ್ ಕಂಪನಿಯ ಯಜಮಾನರು ಎಂದೇ! ಮೊಣಕಾಲು ನೋವಿನಿಂದ ನೆಲದ ಮೇಲೆ ಕೂತು ಊಟ ಮಾಡಲಾಗದ, ಮದುವೆ ಮನೆಯ ಬ್ಯಾಂಡಿಗೂ ಕಾಲು ಕದಲಿಸದ, ಕೊರಿಯಾ ಎಂದರೆ ಫ್ರಿಜ್ಜು ಮತ್ತು ಕಾರು ಬರುವ ದೇಶ ಎಂದಷ್ಟೇ ತಿಳಿದಿದ್ದ ಮನುಷ್ಯ ಇಂಥ ಕಂಪನಿ ಕಟ್ಟಿದ್ದು ಹೇಗೆ? ಅರ್ಧ ಕಾರಣ ನನ್ನ ಮಗಳು. ಉಳಿದರ್ಧ ನನ್ನ ಒಗ್ಗರಣೆ ಡಬ್ಬಿ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಪುತ್ತೂರಿನವರು. ದೋಹಾದ ಹಳೆಯ ಬಂದರಿನಲ್ಲಿ ಕ್ರೇನಿನ ಎದುರು ನಿಂತು ಕೈಸನ್ನೆ ಮಾಡುವ ಸಿಗ್ನಲ್‌ಮನ್ ಆಗಿ ಸೇರಿದವರು, ಹೊಸ ಹಮದ್ ಬಂದರಿಗೆ ಬರುವ ಹೊತ್ತಿಗೆ ಯಾರ್ಡ್ ಪ್ಲಾನರ್ ಆಗಿದ್ದರು. ಅಂದರೆ ಯಾವ ಕಂಟೇನರ್ ಎಲ್ಲಿ ಕೂರಬೇಕು, ಯಾವುದರ ಮೇಲೆ ಯಾವುದು, ಯಾವುದು ಮೊದಲು ಹೊರಗೆ ಹೋಗಬೇಕು ಎಂದು ಹೇಳುವ ಕೆಲಸ. ನಮ್ಮ ಮನೆಯ ಫ್ರಿಜ್ ತೆರೆದರೂ ಅಷ್ಟೇ, ಮೊಸರನ್ನು ಮುಂದಕ್ಕೆ ತಂದು ಉಪ್ಪಿನಕಾಯಿಯನ್ನು ಹಿಂದಕ್ಕೆ ತಳ್ಳದೆ ಬಾಗಿಲು ಹಾಕಿದವರಲ್ಲ. ಅತ್ತೆ ಮತ್ತು ಮಕ್ಕಳು ಊರಿನಲ್ಲೇ ಇದ್ದುದರಿಂದ ಪ್ರತಿ ಶುಕ್ರವಾರ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬರುತ್ತಿದ್ದರು.

ಅಂಥ ಒಂದು ಶುಕ್ರವಾರ ನನ್ನ ಮಗಳು ಮತ್ತು ಅವಳ ಗೆಳತಿಯರು ಹಾಲ್‌ನಲ್ಲಿ ಕುಣಿಯುತ್ತಿದ್ದರು. ಏಳು ಹುಡುಗಿಯರು, ಒಂದು ಸೋಫಾ, ಒಂದು ಟೀಪಾಯಿ. ಒಬ್ಬಳ ಮೊಣಕೈ ಇನ್ನೊಬ್ಬಳ ಮೂಗಿಗೆ ತಾಗುತ್ತಿತ್ತು.

"ಇದೆಂತ ಮಾರಾಯ್ತಿ, ಜಗಳವಾ?" ಮಾವ ಬಾಗಿಲಲ್ಲೇ ನಿಂತು ಕೇಳಿದರು.

"ಕೆ-ಪಾಪ್ ಮಾವ. ಕೊರಿಯಾದ ಡ್ಯಾನ್ಸ್" ಎಂದೆ.

"ಡ್ಯಾನ್ಸ್ ಇರ್ಲಿ. ಯಾರ್ಡ್ ಪ್ಲಾನ್ ಎಲ್ಲುಂಟು?"

ಹೇಳಿದವರೇ ಸೀದಾ ಅಡುಗೆಮನೆಗೆ ನುಗ್ಗಿದರು. ನಾನು ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು ಸಾಸಿವೆಗೆ ಕೈ ಚಾಚಿದರೆ ಡಬ್ಬಿಯೇ ಮಾಯ! ಹಾಲ್‌ಗೆ ಬಂದು ನೋಡುತ್ತೇನೆ, ಡಬ್ಬಿಯ ಏಳು ಬಟ್ಟಲುಗಳೂ ಟೀಪಾಯಿಯ ಮೇಲೆ ಹರಡಿಕೊಂಡಿವೆ. ಏಳು ಹುಡುಗಿಯರು ಸುತ್ತ ಬಗ್ಗಿ ನಿಂತಿದ್ದಾರೆ. ಮಾವ ಅರಿಶಿನವನ್ನು ಎಡಕ್ಕೆ ಸರಿಸಿ, ಜೀರಿಗೆಯನ್ನು ಹಿಂದಕ್ಕೆ ಎಳೆದು, ಸಾಸಿವೆಯನ್ನು ನಟ್ಟನಡುವೆ ಇಟ್ಟು, "ಯಲ್ಲಾ, ಈಗ ಕುಣೀರಿ" ಎಂದರು. ಯಲ್ಲಾ ಎಂದರೆ ಅರಬ್ಬಿಯಲ್ಲಿ ಹೂಂ, ನಡೀರಿ ಅಂತ. ಕುಣಿದರು. ಯಾರ ಮೂಗಿಗೂ ಏನೂ ಆಗಲಿಲ್ಲ. ನನ್ನ ಎಣ್ಣೆ ಮಾತ್ರ ಹೊಗೆಯಾಡಿತು.

ಅಂದಿನಿಂದ ಹುಡುಗಿಯರಿಗೆ ಅವೇ ಹೆಸರು. ನಡುವೆ ನಿಂತ ಸಫಾ ಸಾಸಿವೆ. ಉಳ್ಳಾಲದ ಹುಡುಗಿ, ಏಳು ಜನರಲ್ಲಿ ಅವಳೇ ಚೆನ್ನಾಗಿ ಕುಣಿಯುವವಳು. ನನ್ನ ಮಗಳಿಗೆ ಸಿಕ್ಕಿದ್ದು ಮೆಂತೆ. "ವೈ ಆಮ್ ಐ ಮೆಂತೆ, ಅಜ್ಜ?" ಎಂದು ಅವಳು ವಾರವಿಡೀ ಮುಖ ಊದಿಸಿಕೊಂಡಿದ್ದಳು. "ಕಹಿ ಉಂಟಲ್ಲ ಮಗಾ, ಅದಕ್ಕೆ" ಎಂದು ಮಾವ ಸಮಾಧಾನ ಹೇಳಿದರು. ಇದು ಸಮಾಧಾನವೇ?

ಮುಂದಿನ ವಾರ ಮಾವ ಕಂಪನಿಗೆ ಹೆಸರನ್ನೂ ಇಟ್ಟುಕೊಂಡು ಬಂದಿದ್ದರು: ಲಂಗರು ಎಂಟರ್‌ಟೈನ್‌ಮೆಂಟ್. "ಲಂಗರು ಹಾಕಿದರೆ ಹಡಗು ನಿಂತಲ್ಲೇ ನಿಲ್ಲುತ್ತದೆ ಮಾವ. ಕುಣಿಯುವ ಕಂಪನಿಗೆ ಯಾರಾದರೂ ಈ ಹೆಸರು ಇಡುತ್ತಾರಾ?" ಎಂದೆ. "ಇಲ್ಲಿ ಎಲ್ಲ ಹೋಗುವವರೇ. ನಿಲ್ಲುವುದು ಒಂದಾದ್ರೂ ಬೇಡ್ವಾ?" ಎಂದು ನನ್ನ ಬಾಯಿ ಮುಚ್ಚಿಸಿದರು. ಕೊರಿಯಾದ ಕಂಪನಿಗಳು ಹಾಡನ್ನೂ ಕಲಿಸುತ್ತವಂತೆ. ನಮ್ಮವರ ಹಾಡನ್ನು ಮಾವ ಒಮ್ಮೆ ಕೇಳಿದರು. "ಖಲಾಸ್. ನಮ್ಮದು ಡ್ಯಾನ್ಸ್ ಮಾತ್ರ" ಎಂದು ಅಲ್ಲೇ ತೀರ್ಮಾನಿಸಿದರು.

ಕೊರಿಯಾದಲ್ಲಿ ಹುಡುಗಿಯರು ತೂಕ ಇಳಿಸಲು ಉಪವಾಸ ಬೀಳುತ್ತಾರೆ ಎಂದು ಮಗಳು ಹೇಳಿದ್ದೇ ತಡ, ಮಾವ ಗೋಳಿಬಜೆ ತಿನ್ನದವರಿಗೆ ಪ್ರ್ಯಾಕ್ಟೀಸ್ ಇಲ್ಲ ಎಂಬ ನಿಯಮ ತಂದರು. ಗೋಳಿಬಜೆ ಮಾಡುವವಳು ಯಾರು ಎಂದು ನಿಯಮದಲ್ಲಿ ಹೇಳಿರಲಿಲ್ಲ. ಅದನ್ನು ಹೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ! ಕೆಳಗಿನ ಮನೆಯವರು ಸದ್ದಿನ ಬಗ್ಗೆ ದೂರಿದ ಮೇಲೆ ಪ್ರ್ಯಾಕ್ಟೀಸ್ ಕಟ್ಟಡದ ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯಿತು. ಅಲ್ಲಿ ಬಂದರಿನ ಪದ್ಧತಿ. ಮೊದಲು ಸುರಕ್ಷತೆಯ ಭಾಷಣ. ಬೆಂಕಿ ಬಿದ್ದರೆ ಯಾವ ಬಾಗಿಲು, ಕಾರು ಬಂದರೆ ಯಾವ ಕಂಬದ ಮರೆ ಎಂದು ಹುಡುಗಿಯರು ಒಪ್ಪಿಸಬೇಕು, ಆಮೇಲೆಯೇ ಹಾಡು. ಹೇಳಿಕೊಡುವುದಂತೂ ಪೂರ್ತಿ ಕ್ರೇನಿನ ಕೈಸನ್ನೆಯಲ್ಲಿ. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ಎದ್ದೇಳಿ, ಕೆಳಗೆ ಮಾಡಿ ತಿರುಗಿಸಿದರೆ ಬಗ್ಗಿ. ಎರಡೂ ತೋಳು ಅಗಲಿಸಿ ಅತ್ತಿತ್ತ ಬೀಸಿದರೆ ಎಮರ್ಜೆನ್ಸಿ ಸ್ಟಾಪ್.

"ಈ ಒಂದು ಸನ್ನೆ ಮಾತ್ರ ಯಾರು ಮಾಡಿದ್ರೂ ನಿಲ್ಲಿಸ್ಲೇಬೇಕು. ಮ್ಯಾನೇಜರ್ ಆಗ್ಲಿ, ಕಸ ಗುಡಿಸುವವ ಆಗ್ಲಿ. ಮತ್ತೆ, ಮಾಡಿದವರೇ ಕೈ ಇಳಿಸ್ಬೇಕು. ಅಲ್ಲಿವರೆಗೆ ಕ್ರೇನ್ ಅಲ್ಲಾಡ್ಲಿಕ್ಕಿಲ್ಲ. ಗೊತ್ತಾಯ್ತಾ?" ಎಂದು ಅವರು ಪ್ರತಿ ವಾರ ಹೇಳುತ್ತಿದ್ದರು. ಗೊತ್ತಾಯಿತು ಎಂದು ಪ್ರತಿ ವಾರ ಏಳು ಕಂಠಗಳು ಕೂಗುತ್ತಿದ್ದವು.

ಉಡುಪಿನ ಪ್ರಶ್ನೆ ಬಂತು. ಸಫಾಳ ತಾಯಿ, "ಗಿಡ್ಡ ಬಟ್ಟೆ ಹಾಕಿದ್ರೆ ಅವಳ ಅಪ್ಪ ಒಪ್ಲಿಕ್ಕಿಲ್ಲ ಅಂಕಲ್" ಎಂದರು. ಮಾವ, "ನಾನೂ ಒಪ್ಲಿಕ್ಕಿಲ್ಲ ಮಾರಾಯ್ತಿ, ಪಾರ್ಕಿಂಗಲ್ಲಿ ಬಿದ್ರೆ ಮೊಣಕಾಲು ತರಚ್ತದೆ" ಎಂದು ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ಕಿತ್ತಳೆ ಬಣ್ಣದ ಬಾಯ್ಲರ್ ಸೂಟ್‌ಗಳನ್ನು ಹೊಲಿಸಿ ತಂದರು. ಹುಡುಗಿಯರು ಅಳುತ್ತಾರೆ ಎಂದುಕೊಂಡಿದ್ದೆ. ಕಿರುಚಿ ಕುಣಿದಾಡಿದರು! ಕೊರಿಯಾದಲ್ಲಿ ಈಗ ಇದೇ ಫ್ಯಾಷನ್ನಂತೆ. ಮಾವ ಇದೆಲ್ಲ ಮೊದಲೇ ಗೊತ್ತಿದ್ದವರ ಹಾಗೆ ತಲೆಯಾಡಿಸಿದರು.

ಮೊದಲ ಪ್ರದರ್ಶನ ನಮ್ಮ ಕನ್ನಡಿಗರ ರಾಜ್ಯೋತ್ಸವದಲ್ಲಿ. ದೀಪ ಬೆಳಗಿ, ಶಾಲು ಹೊದಿಸಿ, ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಅರ್ಧ ಸಭೆ ಊಟದ ಸಾಲಿನಲ್ಲಿತ್ತು. ಮಾವ ಬಂದರಿನ ಗೆಳೆಯರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನೃತ್ಯದ ನಡುವೆ ಹುಡುಗಿಯರು ಒಟ್ಟಿಗೆ ತೋಳು ಅಗಲಿಸಿ ಬೀಸಿದರು. ಎಮರ್ಜೆನ್ಸಿ ಸ್ಟಾಪ್! ಅವರೇ ಸೇರಿಸಿಕೊಂಡ ಹೆಜ್ಜೆ. ಮುಂದಿನ ಸಾಲಿನವರು ಅಭ್ಯಾಸಬಲದಿಂದ "ಸ್ಟಾಆಪ್!" ಎಂದು ಒಕ್ಕೊರಲಿನಿಂದ ಅರಚಿದರು. ಊಟ ಬಡಿಸುವವರು ಸೌಟು ಹಿಡಿದು ನಿಂತುಬಿಟ್ಟರು. ಸಾಲಿನಲ್ಲಿದ್ದವರೆಲ್ಲ ತಿರುಗಿ ವೇದಿಕೆ ನೋಡಿದರು. ಆ ವಿಡಿಯೊ ವಾಟ್ಸಾಪ್‌ನಲ್ಲಿ ಹರಿದಾಡಿತು. ಮಲಯಾಳಿಗಳು ಓಣಂಗೆ ಕರೆದರು, ಉತ್ತರದ ತುದಿಯ ಅಲ್ ಶಮಾಲ್‌ ಊರಿನಿಂದಲೂ ಕರೆ ಬಂತು. ಎಲ್ಲಿ ಹೋದರೂ ಜನ ಆ ಹೆಜ್ಜೆಗೆ ಕಾದು "ಸ್ಟಾಪ್" ಎಂದು ಕೂಗುತ್ತಿದ್ದರು. ಕೊರಿಯಾದ ತಂಡಗಳಿಗೆ ಅಭಿಮಾನಿಗಳ ಕೂಗು ಅಂತ ಒಂದು ಇರುತ್ತದಂತೆ. ನಮ್ಮದಕ್ಕೆ ಹೀಗೆ ಸಿಕ್ಕಿತು.

ಆಮೇಲೆ ಒಂದು ಮಾಲ್‌ನಲ್ಲಿ ಕೆ-ಪಾಪ್ ಸ್ಪರ್ಧೆ ಇದೆ ಎಂದು ತಿಳಿಯಿತು. ತೀರ್ಪುಗಾರರು ಕೊರಿಯಾದಿಂದಲೇ ಬರುತ್ತಾರಂತೆ! ಹುಡುಗಿಯರಿಗೆ ನಿದ್ದೆಯಿಲ್ಲ, ನನಗೆ ಗೋಳಿಬಜೆ ಕರಿದು ಪುರುಸೊತ್ತಿಲ್ಲ. ಆ ಹೊತ್ತಿಗೇ ಸಫಾಳ ಅಪ್ಪನ ಕೆಲಸ ಮುಗಿದು, ಮನೆಯವರೆಲ್ಲ ಉಳ್ಳಾಲಕ್ಕೆ ಹೊರಟುಹೋದರು. ಕತಾರಿನಲ್ಲಿ ಇದೇನು ಹೊಸದಲ್ಲ. ಮಕ್ಕಳ ಶಾಲೆಯ ಬೆಂಚಿನಲ್ಲಿ ಪ್ರತಿ ವರ್ಷ ಒಂದು ಜಾಗ ಖಾಲಿಯಾಗುತ್ತದೆ, ಮರುದಿನ ತುಂಬಿಕೊಳ್ಳುತ್ತದೆ.

ನಡುವೆ ನಿಲ್ಲಲು ಚೆನ್ನಾಗಿ ಕುಣಿಯುವ ಬೇರೊಬ್ಬ ಹುಡುಗಿ ಸಿದ್ಧಳಿದ್ದಳು. ಮಾವ ಮಾತ್ರ ಸಾಸಿವೆಯನ್ನು ನನ್ನ ಬಾಟಲಿಗೆ ಸುರಿದು ಖಾಲಿ ಬಟ್ಟಲನ್ನು ಟೀಪಾಯಿಯ ನಡುವೆ ಇಟ್ಟರು. "ಇದು ಹೀಗೇ ಇರ್ಲಿ. ಸುತ್ತ ಕುಣೀರಿ."

"ಅಜ್ಜ, ದಟ್ಸ್ ಕ್ರೇಜಿ! ಸೆಂಟರ್ ಖಾಲಿ ಬಿಟ್ರೆ ನಾವು ಸೋಲ್ತೇವೆ" ಎಂದು ಮಗಳು ಚೀರಿದಳು.

ಮಾವ ಬಟ್ಟಲುಗಳನ್ನೆಲ್ಲ ಡಬ್ಬಿಗೆ ಹಾಕಿ ನಡುವಿನದನ್ನು ಮಾತ್ರ ಹೊರಗೆ ತೆಗೆದು, ಡಬ್ಬಿ ಮುಚ್ಚಿ ಅಲುಗಾಡಿಸಿದರು. ಉಳಿದ ಆರೂ ಗಡಗಡ ಎಂದವು. "ಕೇಳಿತಾ? ಖಾಲಿ ಕಂಟೇನರಿಗೂ ಯಾರ್ಡಲ್ಲಿ ಜಾಗ ಉಂಟು ಮಗಾ." ಖಾಲಿ ಬಟ್ಟಲನ್ನು ಮತ್ತೆ ಟೀಪಾಯಿಯ ನಡುವೆ ಇಟ್ಟು ನನ್ನ ಕಡೆ ತಿರುಗಿದರು. "ನಾನು ಇಲ್ಲಿಗೆ ಬಂದಾಗಿನಿಂದ ನಿನ್ನ ಅತ್ತೆ ಊಟದ ಮೇಜಿನ ನನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸ್ಲಿಲ್ಲ. ನೆಂಟರು ಬಂದ್ರೂ ಇಲ್ಲ. ಗೊತ್ತುಂಟಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಮಗಳು ಡಬ್ಬಿ ತೆರೆದು ಮೆಂತೆಯ ಬಟ್ಟಲನ್ನು ತೆಗೆದು ಖಾಲಿ ಬಟ್ಟಲಿನ ಪಕ್ಕದಲ್ಲಿಟ್ಟಳು.

ಸ್ಪರ್ಧೆಯಲ್ಲಿ ಆರು ಜನ ಖಾಲಿ ಜಾಗವೊಂದರ ಸುತ್ತ ಕುಣಿದರು. ಆ ಕಡೆಯಿಂದ ಈ ಕಡೆಗೆ ಹೋಗುವಾಗಲೂ ಅಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ ಬಳಸಿಕೊಂಡು ಹೋದರು. ಕೊರಿಯಾದ ತೀರ್ಪುಗಾರ್ತಿ ಮೈಕ್ ಹಿಡಿದು, ನಡುವೆ ಯಾಕೆ ಯಾರೂ ಇಲ್ಲ ಎಂದು ಕೇಳಿದರು. ಮಾವ ಸಭೆಯಿಂದಲೇ ಎದ್ದು ನಿಂತು, ತಮ್ಮ ಬಂದರಿನ ಇಂಗ್ಲಿಷಿನಲ್ಲಿ, "ಬುಕಿಂಗ್ ಕನ್ಫರ್ಮ್ಡ್ ಮೇಡಂ. ಕಾರ್ಗೋ ಡಿಲೇಡ್!" ಎಂದರು. ಮಾಲ್ ನಕ್ಕಿತು. ಬಹುಮಾನ ಬರಲಿಲ್ಲ. ಆದರೆ ಆ ವಿಡಿಯೊ ನೋಡಿದ ಸಫಾ ಬಾಯ್ಲರ್ ಸೂಟ್ ಹಾಕಿಕೊಂಡು ಉಳ್ಳಾಲದ ತಮ್ಮ ಅಂಗಳದಲ್ಲಿ ತನ್ನ ಪಾಲಿನ ಹೆಜ್ಜೆಗಳನ್ನಷ್ಟೇ ಒಬ್ಬಳೇ ಕುಣಿದು ಕಳಿಸಿದಳು. ಹುಡುಗಿಯರು ಎರಡನ್ನೂ ಜೋಡಿಸಿ ಇಂಟರ್‌ನೆಟ್ಟಿಗೆ ಹಾಕಿದರು. ಅದನ್ನು ಎಷ್ಟು ಜನ ನೋಡಿದರೋ, ಲೆಕ್ಕವಿಲ್ಲ. "ನಮ್ಮದು ಈಗ ಇಂಟರ್‌ನ್ಯಾಷನಲ್. ಉಳ್ಳಾಲದಲ್ಲಿ ಬ್ರಾಂಚ್ ಉಂಟು" ಎಂದು ಮಾವ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಹೋದ ತಿಂಗಳು ಮಾವ ನಿವೃತ್ತರಾದರು. ವೀಸಾ ಮುಗಿಯಿತು.

ವಿಮಾನ ನಿಲ್ದಾಣಕ್ಕೆ ಆರು ಹುಡುಗಿಯರೂ ಕಿತ್ತಳೆ ಬಾಯ್ಲರ್ ಸೂಟಿನಲ್ಲೇ ಬಂದಿದ್ದರು. ಮಾವ ಎಲ್ಲರ ತಲೆ ಮುಟ್ಟಿದರು, ಗೋಳಿಬಜೆ ಬಿಡಬೇಡಿ ಎಂದರು, ಟ್ರಾಲಿ ತಳ್ಳಿಕೊಂಡು ಹೊರಟರು. ಅಷ್ಟರಲ್ಲಿ ನನ್ನ ಮಗಳು, "ಅಜ್ಜ!" ಎಂದು ಕೂಗಿದಳು. ಮಾವ ತಿರುಗಿದರು. ಅವಳು ಎರಡೂ ತೋಳು ಅಗಲಿಸಿ ಬೀಸತೊಡಗಿದ್ದಳು. ಹಿಂದೆಯೇ ಉಳಿದ ಐವರೂ.

ಮಾವ ನಿಂತರು. ಟ್ರಾಲಿಯ ಮೇಲಿನ ಕೈ ಕದಲಲಿಲ್ಲ. ಹಿಂದಿನ ಸಾಲಿನವರು ಪಕ್ಕದಿಂದ ದಾಟಿ ಹೋದರು. ಅವರು ಮಾತ್ರ ನಿಯಮ ಬಲ್ಲ ಮನುಷ್ಯನಂತೆ ನಿಂತೇ ಇದ್ದರು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೂ ತಡೆಯಲಾಗಲಿಲ್ಲ. ಮಾಡಿದವರೇ ಕೈ ಇಳಿಸಬೇಕಲ್ಲ? ಮಗಳು ಬೀಸುತ್ತಲೇ ಇದ್ದಳು. ಇಳಿಸಲು ಅವಳಿಗೆ ಮನಸ್ಸಿಲ್ಲ.

ಕೊನೆಗೆ ನಿಧಾನವಾಗಿ ಇಳಿಸಿದಳು.

"ಯಲ್ಲಾ ಅಜ್ಜ," ಎಂದಳು, ತನ್ನ ಹರಕು ಕನ್ನಡದಲ್ಲಿ. "ಹೋಗಿ. ಅಲ್ಲಿ ನಿಮ್ದು ಕುರ್ಚಿ ಉಂಟಲ್ಲ."